ವಿಯೆಟ್ನಾಮಿಗೆ ಸಿಕ್ಕಿಬಿದ್ದ ನನ್ನ ಮದುವೆ

ನನ್ನ ಮದುವೆ ಒಂದು ಸಲ ವಿಯೆಟ್ನಾಮಿನ ದೆಸೆಯಿಂದ ಮುರಿದುಬೀಳುವುದರಲ್ಲಿತ್ತು ಎಂದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ, ಈಗ ನನಗೂ ನಗು ಬರುತ್ತದೆ. ಆಗ ಮಾತ್ರ ಸಿಟ್ಟು ನೆತ್ತಿಗೇರಿತ್ತು. ವಿಯೆಟ್ನಾಂ ಎಲ್ಲಿ, ಬಸ್ರೂರು ಎಲ್ಲಿ! ಆ ದೇಶದ ಒಬ್ಬನೇ ಒಬ್ಬನನ್ನೂ ಕಣ್ಣಾರೆ ಕಾಣದ ಇಬ್ಬರು ಹಿರಿಯರು ಅದರ ಹೆಸರಿನಲ್ಲಿ ಜಗಳವಾಡಿ, ಇಪ್ಪತ್ಮೂರು ವರ್ಷದ ನನ್ನನ್ನು ನಡುವೆ ನಿಲ್ಲಿಸಿಬಿಟ್ಟಿದ್ದರು.

ಆ ಇಬ್ಬರಲ್ಲಿ ಒಬ್ಬರು ನನ್ನ ಅಪ್ಪಯ್ಯ. ಕುಂದಾಪುರದ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸುತ್ತಿದ್ದರು. ಬಸ್ರೂರಿನ ನಮ್ಮ ಮನೆ ಅಮ್ಮಮ್ಮನದು, ಅಂದರೆ ನನ್ನ ತಾಯಿಯ ತಾಯಿಯದು. ಅಮ್ಮಮ್ಮ ಕೂಡ ಊರವರ ಹಾಗೆ ಅಳಿಯನನ್ನು ಮಾಷ್ಟ್ರು ಎಂದೇ ಕರೆಯುತ್ತಿದ್ದಳು. ನಾನು ಕುಂದಾಪುರದಲ್ಲೇ ಬೇರೊಂದು ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದೆ. ಬೆಳಿಗ್ಗೆ ಅಪ್ಪಯ್ಯನೂ ನಾನೂ ಒಂದೇ ಬಸ್ಸಿನಲ್ಲಿ ಹೊರಡುತ್ತಿದ್ದೆವು.

ಅಪ್ಪಯ್ಯ ಯಾವ ಪಕ್ಷದವರೂ ಅಲ್ಲ. ಆದರೆ ಭೂಪಟದ ಮೇಲೆ ಎಲ್ಲಿಯಾದರೂ ಒಂದು ಗೆರೆ ಎಳೆದು ಒಂದು ದೇಶವನ್ನು ಎರಡು ಮಾಡಿದರೆ ಅವರಿಗೆ ತಮ್ಮ ಗದ್ದೆಯ ಅಂಚನ್ನೇ ಯಾರೋ ಕಡಿದಷ್ಟು ಸಂಕಟವಾಗುತ್ತಿತ್ತು. ಪೇಪರಿನಲ್ಲಿ ಆ ಯುದ್ಧದ ಸುದ್ದಿ ಬಂದ ದಿನ ಊಟಕ್ಕೆ ಕುಳಿತವರು ಸಾರು ಕಲಸುವುದನ್ನು ಮರೆತು, ಅಷ್ಟು ದೂರದಿಂದ ವಿಮಾನ ಹಾರಿಸಿಕೊಂಡು ಬಂದು ಬಾಂಬು ಹಾಕುವ ಅಮೆರಿಕದವರಿಗೆ ಅಲ್ಲೇನು ಕೆಲಸ ಎಂದು ಕೇಳುತ್ತಿದ್ದರು. ಕೇಳುವುದು ನಮ್ಮನ್ನೇ. ಅಮ್ಮ ನನಗೇನು ಗೊತ್ತು ಎಂಬಂತೆ ಮಜ್ಜಿಗೆ ಬಡಿಸುತ್ತಿದ್ದಳು.

ಎರಡನೆಯವರು ಯಡ್ತರೆಯವರು. ಮುಂಬಯಿಯಲ್ಲಿ ಇಪ್ಪತ್ತೈದು ವರ್ಷ ಹೋಟೆಲು ನಡೆಸಿ, ಅದನ್ನು ತಮ್ಮನ ಕೈಗೆ ಕೊಟ್ಟು, ಬೈಂದೂರಿನ ಹತ್ತಿರದ ಯಡ್ತರೆಯಲ್ಲಿದ್ದ ತಮ್ಮ ಗದ್ದೆ ನೋಡಿಕೊಂಡಿರಲು ಊರಿಗೆ ಮರಳಿದ್ದರು. ಅವರ ಮಗ ಬ್ರಹ್ಮಾವರದಲ್ಲಿ ಒಂದು ಸೊಸೈಟಿಯ ಗುಮಾಸ್ತ. ಆ ಮಗನಿಗೆ ನನ್ನನ್ನು ನೋಡಲು ಅವರು ಬಸ್ರೂರಿಗೆ ಬಂದದ್ದು ಅರವತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ವರ್ಷ, ಮಳೆಗಾಲ ಕಳೆದು ಕೊಯ್ಲು ಶುರುವಾಗುವ ಹೊತ್ತಿನಲ್ಲಿ.

ಮೊದಲ ಒಂದು ಗಂಟೆ ಎಲ್ಲ ಚೆನ್ನಾಗಿಯೇ ನಡೆಯಿತು. ಬೆಲ್ಲ ನೀರು ಆಯಿತು, ಅವಲಕ್ಕಿ ಆಯಿತು, ಕಾಫಿ ಆಯಿತು. ಹುಡುಗ ತಲೆ ತಗ್ಗಿಸಿ ಕೂರುವ ಜಾತಿಯವನಲ್ಲ. ಶಾಲೆಯಲ್ಲಿ ಮಕ್ಕಳು ಗಲಾಟೆ ಮಾಡಿದರೆ ಏನು ಮಾಡುತ್ತೀರಿ ಎಂದು ನನ್ನನ್ನು ಕೇಳಿದ. ಅವರಿಗಿಂತ ಜೋರಾಗಿ ಗಲಾಟೆ ಮಾಡುತ್ತೇನೆ ಎಂದೆ. ಬಾಯಲ್ಲಿದ್ದ ಕಾಫಿ ಮೂಗಿಗೆ ಹೋಗುವಷ್ಟು ನಕ್ಕ. ಇವನಾದರೆ ಆಗಬಹುದು ಎಂದು ನಾನು ಆ ಕ್ಷಣವೇ ತೀರ್ಮಾನಿಸಿದೆ. ಆಮೇಲೆ ಅದು ಬದಲಾಗಲಿಲ್ಲ.

ಕೆಟ್ಟದ್ದು ಆಮೇಲೆ. ಜಗಲಿಯಲ್ಲಿ ಬಿದ್ದಿದ್ದ ಪೇಪರನ್ನು ಹುಡುಗನ ತಂದೆ ಎತ್ತಿಕೊಂಡರು. ಬರಗಾಲದಲ್ಲಿ ಹಡಗು ತುಂಬಿ ಗೋಧಿ ಕಳಿಸಿದ ಅಮೆರಿಕದವರನ್ನು ನಮ್ಮ ಪೇಪರಿನವರು ಹೀಗೆ ಬೈಯುವುದು ಸರಿಯಲ್ಲ, ಅವರು ಮನಸ್ಸು ಮಾಡಿದರೆ ಯುದ್ಧವನ್ನು ಒಂದು ವಾರದಲ್ಲಿ ಮುಗಿಸಿಯಾರು ಎಂದರು. ಅಪ್ಪಯ್ಯ ಸುಮ್ಮನಿದ್ದಿದ್ದರೆ ಏನು ಗಂಟು ಹೋಗುತ್ತಿತ್ತೋ ಕಾಣೆ. ಗೋಧಿ ಕೊಟ್ಟವನಿಗೆ ಬಾಂಬು ಹಾಕುವ ಹಕ್ಕೂ ಬರುತ್ತದೆಯೋ ಎಂದು ಕೇಳಿದರು. ಅವರು, ನೀವು ಮಾಷ್ಟ್ರು ಭೂಪಟ ನೋಡಿದವರು, ನಾನು ಲೋಕ ನೋಡಿದವ ಎಂದರು. ಅಪ್ಪಯ್ಯ, ಹೋಟೆಲಿನ ಗಲ್ಲಾದ ಹಿಂದೆ ಕೂತರೆ ಎಷ್ಟು ಲೋಕ ಕಾಣುತ್ತದೆ ಎಂದರು. ಅಲ್ಲಿಗೆ ಮಾತು ವಿಯೆಟ್ನಾಮನ್ನು ಬಿಟ್ಟು ಮನೆಯೊಳಗೆ ಬಂದಿತ್ತು. ನಾನು ಬಾಗಿಲ ಹಿಂದೆ ನಿಂತು ಸೆರಗು ಕಚ್ಚಿಕೊಂಡಿದ್ದೆ.

ನಮ್ಮ ಕಡೆ ಇಂಥ ಮಾತುಕತೆ ಕೂಡಿಬಂದರೆ ಕೊನೆಗೆ ಎಲೆಯಡಿಕೆಯ ಹರಿವಾಣ ಬರುತ್ತದೆ. ಹಿರಿಯರು ಅದರಿಂದ ಒಂದು ಎಲೆ ತೆಗೆದುಕೊಂಡರೆ ಸಂಬಂಧ ಒಪ್ಪಿಗೆ ಎಂದೇ ಲೆಕ್ಕ. ಅವತ್ತು ಹರಿವಾಣ ಜಗಲಿಯಲ್ಲೇ ಇತ್ತು. ಹುಡುಗನ ತಂದೆ ಅದನ್ನು ಮುಟ್ಟದೆ ಎದ್ದು, ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದುಬಿಟ್ಟರು. ಮಗ ಹಿಂದೆ ಮುಂದೆ ನೋಡುತ್ತ ಅವರ ಬೆನ್ನಿಗೆ ಹೋದ. ಎಲೆ ಮುಟ್ಟದೆ ಹೋದರಲ್ಲ, ಇದಕ್ಕಿಂತ ಅವಮಾನ ಬೇಕೇ ಎಂದು ಅಪ್ಪಯ್ಯ ಕುದಿದರು. ಅತ್ತ ಯಡ್ತರೆಯವರು, ಹರಿವಾಣವನ್ನು ಕೈಯಲ್ಲಿ ಹಿಡಿದು ಕೊಡದೆ ನೆಲದ ಮೇಲೆ ಇಟ್ಟವರ ಮನೆಯಲ್ಲಿ ಎಲೆ ಹಾಕುವುದು ಹೇಗೆ ಎಂದು ಸಿಕ್ಕಿದವರ ಹತ್ತಿರ ಹೇಳುತ್ತಿದ್ದಾರೆಂದು ಸುದ್ದಿ ಬಂತು. ನಿಜ ಹೇಳಬೇಕೆಂದರೆ, ಜಗಳದ ಭರದಲ್ಲಿ ಅಪ್ಪಯ್ಯ ಕೊಡಲು ಮರೆತಿದ್ದರು, ಅವರು ತೆಗೆದುಕೊಳ್ಳಲು ಮರೆತಿದ್ದರು. ಆದರೆ ಮರೆತೆ ಎಂದು ಒಪ್ಪಿಕೊಳ್ಳಲು ಇಬ್ಬರಿಗೂ ಮನಸ್ಸಿಲ್ಲ.

ಇನ್ನು ಮಾತುಕತೆ ಮುಂದುವರಿಯಬೇಕಾದರೆ ಯಾರು ಯಾರ ಮನೆಗೆ ಮೊದಲು ಹೋಗಬೇಕು? ಹೆಣ್ಣಿನ ಕಡೆಯವರು ಬರಲಿ ಎಂದು ಅವರು. ಎದ್ದು ಹೋದವರು ಬರಲಿ ಎಂದು ಅಪ್ಪಯ್ಯ. ಹೀಗೆ ಎರಡು ತಿಂಗಳು ಕಳೆಯಿತು. ವಿಚಿತ್ರವೆಂದರೆ ಅದೇ ಹೊತ್ತಿಗೆ ಪ್ಯಾರಿಸಿನಲ್ಲಿ ಆ ಯುದ್ಧದ ಸಂಧಾನಕ್ಕೆಂದು ಸೇರಿದ ದೊಡ್ಡವರು, ಕೂರುವ ಮೇಜು ಚೌಕವಾಗಿರಬೇಕೋ ದುಂಡಗಿರಬೇಕೋ ಎಂದು ವಾರಗಟ್ಟಲೆ ವಾದ ಮಾಡುತ್ತಿದ್ದರು. ನಾನು ಆ ಸುದ್ದಿಯನ್ನು ಬೇಕೆಂದೇ ಗಟ್ಟಿಯಾಗಿ ಅಮ್ಮಮ್ಮನಿಗೆ ಓದಿ ಹೇಳಿದೆ, ಅಪ್ಪಯ್ಯನ ಕಿವಿಗೆ ಬೀಳಲಿ ಎಂದು. ಅಮ್ಮಮ್ಮ ಹಲ್ಲಿಲ್ಲದ ಬಾಯಿಗೆ ಎಲೆಯಡಿಕೆ ಕುಟ್ಟಿಕೊಳ್ಳುತ್ತಿದ್ದವಳು ಕೈ ನಿಲ್ಲಿಸಿ, "ಅವ್ರಿಗೆ ಒಂದ್ ಚಾಪಿ ಹಾಸಿ ಕೂಕಂಬುಕೆ ಎಂತ ದಾಡಿಯಂಬ್ರ್?" ಎಂದು ಕೇಳಿದಳು. ಅಪ್ಪಯ್ಯ ಕೇಳಿಸದವರ ಹಾಗೆ ಬಾವಿಕಟ್ಟೆಗೆ ಹೋದರು.

ನನಗೆ ಅಳು ಬರುವುದು ಕಡಿಮೆ, ಸಿಟ್ಟು ಬರುವುದು ಹೆಚ್ಚು. ಆ ಎರಡು ತಿಂಗಳು ನಾನು ಅಪ್ಪಯ್ಯನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಶಾಲೆಯಲ್ಲಿ ಮಕ್ಕಳು ನನ್ನ ಮುಖ ನೋಡಿಯೇ ಸುಮ್ಮನಾಗುತ್ತಿದ್ದರು. ಮನೆಗೆ ಬೇರೆ ಎರಡು ಜಾತಕ ಬಂದವು. ಒಂದನ್ನು ನಾನೇ ಅಕ್ಕಿ ಡಬ್ಬಿಯ ಕೆಳಗೆ ಅಡಗಿಸಿಟ್ಟೆ. ಇನ್ನೊಂದು ಸಂಕ್ರಾಂತಿ ಕಳೆದ ಮೇಲೆ ಪಕ್ಕಾ ಆಗುತ್ತದೆ ಎಂದು ಅಮ್ಮ ಹೇಳಿದಳು. ಕಾಫಿ ಮೂಗಿಗೇರಿಸಿಕೊಂಡು ನಕ್ಕವನನ್ನು ಬಿಟ್ಟು ಬೇರೊಬ್ಬನ ಮುಂದೆ ಕೂರುವುದು ನನಗೆ ಬೇಕಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅವನೇ ಎದುರಾದ. ಬ್ರಹ್ಮಾವರದಿಂದ ಊರಿಗೆ ಹೋಗುವವನು ಬೈಂದೂರು ಬಸ್ಸಿಗೆ ಕಾಯುತ್ತಿದ್ದ. ನಾಲ್ಕು ಜನ ನೋಡುವ ಜಾಗದಲ್ಲಿ ಹುಡುಗ ಹುಡುಗಿ ನಿಂತು ಮಾತಾಡುವ ಕಾಲ ಅದಲ್ಲ. ಅವನು ವೇಳಾಪಟ್ಟಿಯ ಹಲಗೆ ನೋಡುತ್ತ, ನಾನು ಕಡಲೆಕಾಯಿ ಮಾರುವವಳನ್ನು ನೋಡುತ್ತ ಮಾತಾಡಿದೆವು. ಅವನ ತಂದೆ ದಿನವೂ ಪೇಪರು ಓದಿ, ಎದುರಿಗೆ ಯಾರೂ ಇಲ್ಲದಿದ್ದರೂ "ಈಗ ಎಂತ ಹೇಳ್ತ್ರಿ ಮಾಷ್ಟ್ರೆ?" ಎಂದು ಕೇಳುತ್ತಾರಂತೆ. ನಮ್ಮ ಮನೆಯಲ್ಲೂ ಅದೇ ಕಥೆ, ಅಪ್ಪಯ್ಯ ಊಟದ ಎಲೆಯ ಮುಂದೆ ಯಡ್ತರೆಯವರಿಗೆ ಉತ್ತರ ಕೊಡುತ್ತಾರೆ ಎಂದೆ. ಇಬ್ಬರೂ ಹಲಗೆ, ಕಡಲೆಕಾಯಿ ಮರೆತು ನಕ್ಕುಬಿಟ್ಟೆವು. ಅಷ್ಟರಲ್ಲಿ ಅವನ ಬಸ್ಸು ಬಂತು.

ಮನೆಗೆ ಬಂದು ಅಮ್ಮಮ್ಮನಿಗೆ ಎಲ್ಲ ಹೇಳಿದೆ. ಬಸ್‌ಸ್ಟ್ಯಾಂಡಿನಲ್ಲಿ ಮಾತಾಡಿದ್ದಕ್ಕೆ ಬೈಯುತ್ತಾಳೆಂದು ಹೆದರಿದ್ದೆ. ಅವಳು ಬೈಯಲಿಲ್ಲ, ಮುಂದಿನ ಶನಿವಾರವೂ ಅವನು ಅದೇ ಬಸ್ಸಿಗೆ ಬರುತ್ತಾನೋ ಎಂದು ಕೇಳಿದಳು. ಅವರ ಮನೆಯೂ ಬೇಡ, ನಮ್ಮ ಮನೆಯೂ ಬೇಡ, ಕೊಲ್ಲೂರಿಗೆ ಹೋಗಲು ಯಾರಿಗೂ ಮಾನ ಮರ್ಯಾದೆಯ ಅಡ್ಡಿಯಿಲ್ಲ ಎಂಬುದು ಅವಳ ಉಪಾಯ. ದೇವಿಯ ಸನ್ನಿಧಿಗೆ ಯಾರು ಮೊದಲು ಬಂದರು ಎಂದು ಯಾರೂ ಕೇಳುವುದಿಲ್ಲವಲ್ಲ. ಮುಂದಿನ ಶನಿವಾರ ನಾನು ಕಡಲೆಕಾಯಿಯವಳ ಕಡೆ ನೋಡುತ್ತ ದಿನ, ಹೊತ್ತು, ಊಟ ಮಾಡುವ ಅರ್ಚಕರ ಮನೆ ಎಲ್ಲವನ್ನೂ ಒಪ್ಪಿಸಿದೆ. ಅವನು ಹಲಗೆಯ ಕಡೆ ನೋಡುತ್ತ ಆಗಲಿ ಎಂದ.

ಪ್ಯಾರಿಸಿನಲ್ಲಿ ಮೇಜು ದುಂಡಗಿರಲಿ ಎಂದು ತೀರ್ಮಾನವಾದ ಸುದ್ದಿ ಬಂದ ವಾರವೇ ನಾವು ಮನೆಯವರೆಲ್ಲ ಕೊಲ್ಲೂರಿಗೆ ಹೊರಟೆವು. ಮೊಮ್ಮಗಳಿಗೆ ಒಳ್ಳೆಯದಾಗಲೆಂದು ಹರಕೆ ಹೇಳಿಕೊಂಡಿದ್ದೇನೆ ಎಂದು ಅಮ್ಮಮ್ಮ ಅಪ್ಪಯ್ಯನನ್ನು ಹೊರಡಿಸಿದ್ದಳು. ಸುಳ್ಳೇನೂ ಅಲ್ಲ, ಹೇಳಿಕೊಂಡದ್ದು ಆ ಬೆಳಿಗ್ಗೆ. ಪೂಜೆ ಮುಗಿಸಿ ಅರ್ಚಕರ ಮನೆಯ ಜಗಲಿಗೆ ಬಂದರೆ ಯಡ್ತರೆಯವರು ಕಂಬಕ್ಕೆ ಒರಗಿ ಕುಳಿತು ಪೇಪರು ಓದುತ್ತಿದ್ದಾರೆ. ಪಕ್ಕದಲ್ಲಿ ಮಗ, ಏನೂ ಅರಿಯದ ಮುಖ ಮಾಡಿಕೊಂಡು. ಅಪ್ಪಯ್ಯ ನನ್ನನ್ನೊಮ್ಮೆ, ಅಮ್ಮಮ್ಮನನ್ನೊಮ್ಮೆ ನೋಡಿದರು. ದೇವಸ್ಥಾನದ ಊರಿನಲ್ಲಿ ಕೂಗಾಡುವಂತಿಲ್ಲ. ಊಟದ ಪಂಕ್ತಿಯಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತು, ಪಾಯಸ ಬಡಿಸುವವನನ್ನು ಮಾತ್ರ ನೋಡುತ್ತ ಉಂಡರು.

ಊಟವಾದ ಮೇಲೆ ಅಮ್ಮಮ್ಮ ಜಗಲಿಯಲ್ಲಿ ಕಾಲು ಚಾಚಿ ಕುಳಿತು, ಸೊಂಟದಿಂದ ಎಲೆಯಡಿಕೆಯ ಸಂಚಿ ಬಿಚ್ಚಿದಳು. ಇಬ್ಬರನ್ನೂ ಎದುರುಬದುರು ಕೂರಿಸಿದಳು. ಎಪ್ಪತ್ತು ದಾಟಿದ ಹೆಂಗಸು ಹೇಳಿದ ಮೇಲೆ ಕೂರದೆ ಏನು ಮಾಡುತ್ತಾರೆ? ಎಲೆಗೆ ಸುಣ್ಣ ಸವರುತ್ತ ಅವಳು ತನ್ನ ಕಾನೂನು ಹೇಳಿದಳು. "ಬಾಯಂಗೆ ಎಲಿ ಇದ್ದರ್ ಕೇಣ್ಕ್. ಖಾಲಿ ಇದ್ದರ್ ಹೇಳ್ಕ್. ನಡುವಂಗೆ ಬಾಯ್ ಹಾಕುಕಾಗ." ಬಾಯಿ ತುಂಬ ಎಲೆ ಇದ್ದವರು ಕೇಳಬೇಕು, ಬಾಯಿ ಬರಿದಾಗಿದ್ದವರು ಹೇಳಬೇಕು, ನಡುವೆ ಬಾಯಿ ಹಾಕಬಾರದು, ಅಷ್ಟೇ. ಹೇಳಿ ಮುಗಿಸಿದವರು ಎಲೆ ಹಾಕಿಕೊಳ್ಳಬೇಕು. ಕೇಳಿ ಮುಗಿಸಿದವರು ಅಂಗಳದ ಮೂಲೆಗೆ ಹೋಗಿ ಉಗಿದು, ಬಾಯಿ ಮುಕ್ಕಳಿಸಿ ಬಂದು ಉತ್ತರ ಕೊಡಬೇಕು. ಮೊದಲ ಎಲೆಯನ್ನು ಅವಳು ಅಪ್ಪಯ್ಯನ ಕೈಗೇ ಕೊಟ್ಟಳು. ಮಗಳ ಗಂಡನಿಗೆ ಮೊದಲು ಮಾತಾಡಲು ಬಿಟ್ಟರೆ ಪಕ್ಷಪಾತವಾದೀತು ಎಂದು ಆಮೇಲೆ ನನಗೆ ವಿವರಿಸಿದಳು.

ಯಡ್ತರೆಯವರು ಗೋಧಿಯಿಂದ ಶುರು ಮಾಡಿದರು. ಅಪ್ಪಯ್ಯನ ಮುಖ ಕೆಂಪಾಯಿತು, ಕೈ ಎತ್ತಿದರು, ಬಾಯಿ ಮಾತ್ರ ತೆರೆಯುವಂತಿಲ್ಲ. "ಮ್ ಮ್" ಎಂದರು. ಅಮ್ಮಮ್ಮ ಕಣ್ಣು ಬಿಟ್ಟಳು, ಕೈ ಇಳಿಸಿದರು. ಆಮೇಲೆ ಅಪ್ಪಯ್ಯನ ಸರದಿ. ಅವರು ಗೆರೆಯ ಮಾತು ತೆಗೆದರು, ಅಣ್ಣ ಒಂದು ಕಡೆ ತಮ್ಮ ಒಂದು ಕಡೆಯಾದ ಮನೆಗಳ ಮಾತು ತೆಗೆದರು. ಈಗ ಯಡ್ತರೆಯವರು ಕೆನ್ನೆ ಉಬ್ಬಿಸಿಕೊಂಡು ತಲೆ ಅಲ್ಲಾಡಿಸುವುದೇ ಕೆಲಸ. ಅಂಗಳದ ಮೂಲೆಗೆ ಹೋಗಿ ಬರುವಷ್ಟರಲ್ಲಿ ಅರ್ಧ ಸಿಟ್ಟು ಅಲ್ಲೇ ಕಳೆದಿರುತ್ತಿತ್ತು. ನಾನೂ ಆ ಹುಡುಗನೂ ಒಬ್ಬರ ಮುಖ ಒಬ್ಬರು ನೋಡದ ಹಾಗೆ ಕುಳಿತಿದ್ದೆವು. ನೋಡಿದ್ದರೆ ನಕ್ಕು ಎಲ್ಲ ಕೆಡಿಸುತ್ತಿದ್ದೆವು.

ಮೂರನೆಯ ಸುತ್ತಿನಲ್ಲಿ ಯಡ್ತರೆಯವರ ದನಿ ಬದಲಾಯಿತು. ಅಪ್ಪಯ್ಯ ಆಗಷ್ಟೇ ಎಲೆ ಬಾಯಿಗೆ ಹಾಕಿಕೊಂಡಿದ್ದರು. ಯಡ್ತರೆಯವರು ಪೇಪರನ್ನು ಮಡಚಿ ಬದಿಗಿಟ್ಟು, ನೆಲ ನೋಡುತ್ತ ಹೇಳಿದರು. "ನಂಗೆ ಒಬ್ಬ ಅಣ್ಣ ಇದ್ದಿದ್ದ ಮಾಷ್ಟ್ರೆ. ಮಿಲ್ಟ್ರಿ ಸೇರಿ ಬರ್ಮಾಕ್ಕೆ ಹೋದಂವ ಬರ್ಲೇ ಇಲ್ಲೆ. ಸತ್ತ ಅಂದೇಳಿಯೂ ಕಾಗ್ದ ಬರ್ಲಿಲ್ಲೆ. ಹೆತ್ತ ಅಬ್ಬಿ ಸಾಯುವಲ್ಲಿವರಿಗೂ ಅವ್ನ ಬಟ್ಲ ತೊಳ್ದ್ ಇಡ್ತಿದ್ದಿತ್. ಯಾರಾದ್ರೂ ದೊಡ್ಡರ್ ಬಂದ್ ಬೇಗ ಖತಂ ಮಾಡ್ಲಿ, ಮತ್ತೊಬ್ರ ಅಣ್ಣ ಉಳೀಲಿ ಅಂದೇಳಿ ನಾ ಹೇಳುದ್. ಮತ್ತೆಂತ ಇಲ್ಲೆ."

ಅಪ್ಪಯ್ಯನ ಬಾಯಿ ಆ ಹೊತ್ತಿಗೆ ಬರಿದಾಗಿದ್ದಿದ್ದರೆ ಏನಾದರೊಂದು ಉತ್ತರ ಕೊಟ್ಟೇ ಕೊಡುತ್ತಿದ್ದರು. ಅವರ ಹತ್ತಿರ ಎಲ್ಲದಕ್ಕೂ ಉತ್ತರ ಸಿದ್ಧವಾಗಿರುತ್ತಿತ್ತು. ಆದರೆ ಬಾಯಿ ತುಂಬ ಎಲೆ. ಅಗಿಯುತ್ತ ಕುಳಿತರು, ಆಮೇಲೆ ಅಗಿಯುವುದನ್ನೂ ನಿಲ್ಲಿಸಿದರು. ಎದ್ದು ಅಂಗಳದ ಮೂಲೆಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಾಯಿ ಮುಕ್ಕಳಿಸಿ, ಮುಖವನ್ನೂ ತೊಳೆದುಕೊಂಡು ಬಂದು ಕುಳಿತರು. ಎಲ್ಲರೂ ಗೋಧಿಯೋ ಬಾಂಬೋ ಎಂದು ಕಾಯುತ್ತಿದ್ದರೆ ಅವರು ಒಂದೇ ಮಾತು ಕೇಳಿದರು.

"ನಿಮ್ಮಣ್ಣನ ಹೆಸ್ರ್ ಎಂತ?"

ಯಡ್ತರೆಯವರು ಹೆಸರು ಹೇಳಿದರು. ಎಷ್ಟೋ ವರ್ಷಗಳಿಂದ ಆ ಹೆಸರನ್ನು ಯಾರೂ ಅವರಲ್ಲಿ ಕೇಳಿರಲಿಲ್ಲವಂತೆ. ಅಪ್ಪಯ್ಯ ಆ ಹೆಸರನ್ನು ತಾವೂ ಒಂದು ಸಲ ಮೆಲ್ಲಗೆ ಹೇಳಿದರು, ತರಗತಿಯಲ್ಲಿ ಹಾಜರಿ ಕರೆಯುವ ದನಿಯಲ್ಲಿ. ಆಮೇಲೆ ಎಷ್ಟನೆಯ ವಯಸ್ಸಿನಲ್ಲಿ ಹೋದರು, ಯಾವ ಬಂದರಿನಿಂದ ಹೋದರು, ಕೊನೆಯ ಕಾಗದ ಎಲ್ಲಿಂದ ಬಂತು ಎಂದೆಲ್ಲ ಕೇಳಿದರು. ಬರ್ಮಾದ ನದಿಗಳು, ಬೆಟ್ಟಗಳು ಅವರಿಗೆ ಬಾಯಿಪಾಠ. ಅಣ್ಣ ನಡೆದಿರಬಹುದಾದ ದಾರಿಯನ್ನು ಜಗಲಿಯ ಸೆಗಣಿ ಸಾರಿಸಿದ ನೆಲದ ಮೇಲೆ ಬೆರಳಿನಿಂದ ತೋರಿಸಿದರು. ಯಡ್ತರೆಯವರು ಬಗ್ಗಿ ನೋಡುತ್ತಿದ್ದರು. ನನಗೆ ಅಪ್ಪಯ್ಯನ ಮೇಲಿದ್ದ ಸಿಟ್ಟೆಲ್ಲ ಆಗ ಇಳಿದುಹೋಯಿತು, ಅವರ ಮೇಲೆ ಪ್ರೀತಿ ಉಕ್ಕಿಬಂತು.

ಹಾಗೆಂದು ಯಾರೂ ಸೋಲು ಒಪ್ಪಲಿಲ್ಲ. ಅಮೆರಿಕ ಬೇಗ ಹಿಂದೆ ಸರಿಯಬೇಕು ಎಂದು ಅಪ್ಪಯ್ಯ, ಬೇಗ ಮುಗಿಸಬೇಕು ಎಂದು ಅವರು. ಬೇಗ ಎಂಬಲ್ಲಿ ಮಾತ್ರ ಇಬ್ಬರಿಗೂ ಒಪ್ಪಿಗೆ. ಅಷ್ಟರಲ್ಲಿ ಯಡ್ತರೆಯವರಿಗೆ ನೆನಪಾಯಿತೋ ಏನೋ, ನನ್ನ ಕಡೆ ತಿರುಗಿದರು. ಈ ಎರಡು ತಿಂಗಳಲ್ಲಿ ನನ್ನನ್ನು ಕೇಳಿದವರು ಒಬ್ಬರೂ ಇರಲಿಲ್ಲ. "ಹೆಣ್ಣೆ, ನೀ ಎಂತ ಹೇಳ್ತೆ? ನಮ್ಮಿಬ್ರಲ್ ಯಾರದ್ದ್ ಸರಿ?" ಎಂದರು.

ಒಳ್ಳೆಯ ಹುಡುಗಿಯಾದವಳು ತಲೆ ತಗ್ಗಿಸಬೇಕಿತ್ತು. ನನ್ನ ಬಾಯಲ್ಲಿ ಎಲೆ ಇರಲಿಲ್ಲ. ಯಾರದು ಸರಿ ಎಂದು ನನಗೆ ಗೊತ್ತಿಲ್ಲ, ನಿಮ್ಮ ಜಗಳ ನಿಲ್ಲಬೇಕೆಂದೂ ನಾನು ಹೇಳುವುದಿಲ್ಲ, ಆದರೆ ನಿಮ್ಮ ಮನೆಗೆ ನಾನು ಬರಬೇಕಾದರೆ ಒಂದು ಷರತ್ತು ಇದೆ ಎಂದೆ. ಅಮ್ಮ ನನ್ನ ಸೆರಗು ಎಳೆದಳು. ನಾನು ನಿಲ್ಲಿಸಲಿಲ್ಲ. "ಜಗಳ ಎಷ್ಟ್ ಬೇಕಾರೂ ಮಾಡ್ಕಣಿ. ಎದ್ರ್ ಕೂಕಂಡ್ ಮಾಡ್ಕ್. ಸಿಟ್ಟ್ ಬಂತ್ ಅಂದೇಳಿ ನೀವ್ ಬಪ್ದ್ ನಿಲ್ಸುಕಾಗ, ಅಪ್ಪಯ್ಯನೂ ನಿಲ್ಸುಕಾಗ. ನಿಲ್ಸುದಾರೆ ಈಗ್ಳೇ ಹೇಳಿ, ನಾ ಬತ್ತಿಲ್ಲೆ." ಸಿಟ್ಟು ಬಂದರೂ ಒಬ್ಬರ ಮನೆಗೆ ಒಬ್ಬರು ಬರುವುದು ನಿಲ್ಲಬಾರದು ಎಂಬುದಷ್ಟೇ ನನ್ನ ಷರತ್ತು. ಅವರು ಬೇಡ ಎಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು, ಅದೂ ನನ್ನ ಬಾಯಿಂದಲೇ.

ಯಡ್ತರೆಯವರು ಅಪ್ಪಯ್ಯನ ಕಡೆ ತಿರುಗಿ, ಇಂಥ ಮಗಳನ್ನು ಇಟ್ಟುಕೊಂಡು ನೀವು ನನ್ನ ಹತ್ತಿರ ಯಾಕೆ ಜಗಳಕ್ಕೆ ಬಂದಿರಿ ಎಂದು ಕೇಳಿದರು. ಅದೇ ಒಪ್ಪಿಗೆ. ಅಮ್ಮಮ್ಮ ಸಂಚಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದಳು. ಆ ಬೇಸಿಗೆಯಲ್ಲೇ ನಮ್ಮ ಮದುವೆಯಾಯಿತು.

ಷರತ್ತನ್ನು ಇಬ್ಬರೂ ಪಾಲಿಸಿದರು. ನಾವು ಬ್ರಹ್ಮಾವರದಲ್ಲಿ ಬಾಡಿಗೆ ಮನೆ ಹಿಡಿದಿದ್ದರೂ ಅಪ್ಪಯ್ಯ ತಿಂಗಳಿಗೊಮ್ಮೆ ನಮ್ಮನ್ನು ಬಿಟ್ಟು ಯಡ್ತರೆಗೆ ಹೋಗುತ್ತಿದ್ದರು. ನಾವಿರುವುದು ದಕ್ಷಿಣಕ್ಕೆ, ಅವರು ಹೋಗುವುದು ಉತ್ತರಕ್ಕೆ. ಮಗಳ ಮನೆಗಿಂತ ಬೀಗರ ಮನೆ ಹೆಚ್ಚಾಯಿತೇ ಎಂದು ಕೇಳಿದರೆ, ನೀನೇ ಅಲ್ಲವೇ ಹೇಳಿದ್ದು ಎನ್ನುತ್ತಿದ್ದರು. ಮಾವ ಬಸ್ರೂರಿಗೆ ಬರುವಾಗ ಆ ತಿಂಗಳ ಪೇಪರುಗಳಲ್ಲಿ ತಮಗೆ ಬೇಕಾದ ತುಂಡುಗಳನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದರು. ಬಾಂಬು ನಿಂತಿತು ಎಂಬ ಸುದ್ದಿ ಬಂದಾಗ ಇಬ್ಬರೂ ಆಸೆಪಟ್ಟರು, ಮತ್ತೆ ಶುರುವಾಯಿತು ಎಂದಾಗ ಇಬ್ಬರೂ ಬೇಜಾರು ಮಾಡಿಕೊಂಡರು. ತಪ್ಪು ಯಾರದೆಂದು ಮಾತ್ರ ಒಮ್ಮೆಯೂ ಒಂದೇ ಮಾತಾಗಲಿಲ್ಲ.

ಎಪ್ಪತ್ತರ ದಶಕದ ಆರಂಭದಲ್ಲಿ, ನಾನು ಎರಡನೆಯ ಬಾಣಂತನಕ್ಕೆ ಬಸ್ರೂರಿನಲ್ಲಿದ್ದಾಗ, ಪ್ಯಾರಿಸಿನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು ಎಂದು ರೇಡಿಯೋದಲ್ಲಿ ಹೇಳಿದರು. ಅದು ನಿಜವಾಗಿ ಮುಗಿಯಲು ಇನ್ನೂ ಕಾಲ ಬೇಕಿತ್ತು ಎಂಬುದು ನಮಗೆ ಆಗ ಗೊತ್ತಿರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಮಾವ ಎರಡು ಬಸ್ಸು ಬದಲಿಸಿ ನಮ್ಮ ಅಂಗಳದಲ್ಲಿದ್ದರು. ಜೇಬಿನಲ್ಲಿ ಒಂದು ತುಂಡು ಕಾಗದವೂ ಇರಲಿಲ್ಲ. "ಮುಗೀತಂಬ್ರಲ್ಲ ಮಾಷ್ಟ್ರೆ" ಎಂದರು. ಅಪ್ಪಯ್ಯ ಹೌದು ಎಂದರು. ಯಾರು ಗೆದ್ದರು ಎಂದು ಅವರೂ ಕೇಳಲಿಲ್ಲ, ಇವರೂ ಕೇಳಲಿಲ್ಲ. ಜಗಲಿಯಲ್ಲಿ ಪಕ್ಕಪಕ್ಕ ಕುಳಿತು, ಎಂಟು ದಿನದ ನನ್ನ ಮಗನನ್ನು ಒಬ್ಬರ ತೊಡೆಯಿಂದ ಇನ್ನೊಬ್ಬರ ತೊಡೆಗೆ ದಾಟಿಸುತ್ತಿದ್ದರು.

ಸಂಜೆ ಮಾವ ಹೊರಟು ನಿಂತಾಗ ಅಪ್ಪಯ್ಯ ಬಸ್ಸಿನ ತನಕ ಬರುತ್ತೇನೆಂದು ಅಂಗಿ ಹಾಕಿಕೊಂಡರು. ಮೆಟ್ಟಿಲಿಳಿಯುವಾಗ ತಡೆದು ನಿಂತು, ಒಳ್ಳೆಯ ಅಂಕ ಬಾರದ ಹುಡುಗನ ಹಾಗೆ ತಗ್ಗಿದ ದನಿಯಲ್ಲಿ ಕೇಳಿದರು. "ಹಂಗಾರೆ, ಇನ್ನ್ ನೀವ್ ಬಪ್ದಿಲ್ಯಾ?"

ಮಾವ ಅವರ ಹೆಗಲ ಮೇಲೆ ಕೈಯಿಟ್ಟರು.

"ಬತ್ತೆ ಮಾಷ್ಟ್ರೆ. ಜಗಳಕ್ಕೆ ಬೇರೆ ಎಂತಾರೂ ಹುಡ್ಕಿ ಇಡಿ."